ವೇದಕ್ಕನಿಗೆ ಹೇಳದ ಮಾತು

ಮದ್ದೂರಿನ ಪೇಟೆಬೀದಿಯ ಹಿಂದಿನ ಓಣಿಯಲ್ಲಿ ವೇದವತಿಗೆ ಗೊತ್ತಿಲ್ಲದ ಮನೆ ಇರಲಿಲ್ಲ. ಆದರೆ ಅವಳು ಒಳಗೆ ಹೋಗಿ ಕೂತು ಕಾಫಿ ಕುಡಿಯುವ ಮನೆ ತೀರ ಕಡಿಮೆ. ಗಂಡ ವೆಂಕಟೇಶಮೂರ್ತಿ ದೇವಸ್ಥಾನದ ಅರ್ಚಕರು. ಮಡಿ, ಮೈಲಿಗೆ ಎಂದು ಅತ್ತೆ ಕಟ್ಟಿಟ್ಟು ಹೋಗಿದ್ದ ಕಟ್ಟಳೆ ಅತ್ತೆ ಹೋದ ಮೇಲೂ ಉಳಿದುಕೊಂಡಿತ್ತು. ಯಾರ ಮನೆಗೇ ಹೋದರೂ ಹೊಸ್ತಿಲ ಹೊರಗೆ ನಿಂತು ನಾಲ್ಕು ಮಾತಾಡಿ, "ಈಗ ತಾನೆ ಆಯ್ತು ಕಣ್ರೀ" ಎಂದು ಹೊರಟುಬಿಡುವವಳು.

ಈ ಕಟ್ಟಳೆಯೆಲ್ಲ ಹಿತ್ತಿಲ ಗೋಡೆಯಾಚೆಯ ರಹಮತ್ ಬೀಗೆ ಮಾತ್ರ ಅನ್ವಯಿಸುತ್ತಿರಲಿಲ್ಲ. ರಹಮತ್‌ಳ ಗಂಡ ಅಕ್ರಂ ಪಾಷಾ ಸ್ಕೂಟರ್ ರಿಪೇರಿ ಮಾಡುವವನು. ಅವಳು ಮನೆಯಲ್ಲೇ ಕೂತು ಸೀರೆಗಳಿಗೆ ಫಾಲ್ ಹಚ್ಚುತ್ತಿದ್ದಳು. ಇಬ್ಬರಿಗೂ ಒಂದೇ ವರ್ಷ ಮಕ್ಕಳಾದವು. ಬಾಣಂತನದಲ್ಲಿ ರಹಮತ್‌ಗೆ ಜ್ವರ ಏರಿ ಎಚ್ಚರ ತಪ್ಪಿದಾಗ ಅವಳ ಮಗಳು ಬುಷ್ರಾಗೆ ಎದೆಹಾಲು ಕೊಟ್ಟದ್ದು ವೇದವತಿ. ಅತ್ತೆಗೆ ಅದು ಕೊನೆಯವರೆಗೂ ಗೊತ್ತಾಗಲಿಲ್ಲ. ಅಂದಿನಿಂದ ಸಂಜೆಯಾದರೆ ಇಬ್ಬರೂ ವೇದವತಿಯ ಹಿತ್ತಿಲ ಮೆಟ್ಟಿಲ ಮೇಲೆ ಇರುತ್ತಿದ್ದರು. ಇವಳ ಮಡಿಲಲ್ಲಿ ದೇವರಿಗೆ ಕಟ್ಟುವ ಹೂವು, ಅವಳ ಮಡಿಲಲ್ಲಿ ಯಾರದೋ ಸೀರೆ. ರಹಮತ್ ತನ್ನವಳು ಎಂದು ವೇದವತಿ ಯಾವತ್ತೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವ ಅಗತ್ಯ ಬಂದಿರಲಿಲ್ಲ.

ಆ ವರ್ಷ ಬೇಸಿಗೆಯಲ್ಲಿ ಆರೋಗ್ಯ ಕೇಂದ್ರದ ದೀಪಶ್ರೀ ಸಿಸ್ಟರ್ ಮಹಿಳಾ ಸಂಘದ ಸಭೆಗೆ ಬಂದರು. ಗರ್ಭಕೋಶದ ಬಾಯಿಗೆ ಬರುವ ಕ್ಯಾನ್ಸರು ಮೊದಮೊದಲು ನೋವೇ ಕೊಡುವುದಿಲ್ಲ, ಮೂವತ್ತು ದಾಟಿದ ಹೆಂಗಸರೆಲ್ಲ ತಪಾಸಣೆ ಮಾಡಿಸಿಕೊಳ್ಳಬೇಕು, ಆದರೆ ನಾವು ಎಷ್ಟು ಕರೆದರೂ ಯಾರೂ ಬರುತ್ತಿಲ್ಲ ಎಂದರು. "ನಾವು ಹೇಳಿದ್ರೆ ಹೆದರ್ತಾರೆ. ನಿಮ್ಮಲ್ಲೇ ಒಬ್ಬರು ಗೆಳತಿ ಥರ ಮನೆಮನೆಗೆ ಹೋಗಿ ಕೂತು ಹೇಳ್ಬೇಕು."

ವೇದವತಿ ಆವತ್ತು ಇಸ್ತ್ರಿ ಮಾಡಿದ ಸೀರೆ ಉಟ್ಟು ಮುಂದಿನ ಸಾಲಿನಲ್ಲೇ ಕೂತಿದ್ದಳು. ಪಿಯುಸಿ ಓದಿದ್ದಳು, ಸಂಘದಲ್ಲಿ ವರದಿ ಓದುವವಳೂ ಅವಳೇ. ತನ್ನ ಹೆಸರು ಬಂದೇ ಬರುತ್ತದೆ ಎಂದುಕೊಂಡಿದ್ದಳು. ಆದರೆ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು, "ರಹಮತಮ್ಮನ್ನೇ ಮಾಡಿ ಮೇಡಂ, ಆವಮ್ಮ ಎಲ್ಲಾರ ಮನೇಲೂ ಕುತ್ಕತದೆ" ಎಂದರು. ರಹಮತ್ ನಾಚಿ ಸೆರಗು ಬಾಯಿಗೆ ಹಿಡಿದಳು. ವೇದವತಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು. ಅಂಗೈ ಉರಿಯುವಷ್ಟು.

ಆಮೇಲೆ ಸಂಜೆಗಳು ಖಾಲಿಯಾದವು. ಕೆಲವು ದಿನ ರಹಮತ್ ತಡವಾಗಿ ಬಂದಳು, ಕೆಲವು ದಿನ ಬರಲೇ ಇಲ್ಲ. ಗೋಡೆಯಾಚೆ ಹೆಂಗಸರ ನಗು ಕೇಳುತ್ತಿತ್ತು. ಅದರಲ್ಲಿ ಎದುರುಮನೆಯ ಸೊಸೆ ರೂಪಳ ದನಿ ಯಾವಾಗಲೂ ಇರುತ್ತಿತ್ತು. ವೇದವತಿ ಹೂವು ಕಟ್ಟುತ್ತ ಕಿವಿಯನ್ನೆಲ್ಲ ಗೋಡೆಗೆ ಕೊಟ್ಟು ಕೂರುತ್ತಿದ್ದಳು. ನಗುವಂಥದ್ದು ಏನಿದೆ, ಕ್ಯಾನ್ಸರ್ ವಿಷಯದಲ್ಲಿ?

ಒಂದು ಸಂಜೆ ಕೇಳಿಯೇಬಿಟ್ಟಳು. "ರೂಪ ಏನು ನಿಂಗೆ ಅಂಟಿಕೊಂಡೇ ಇರ್ತಾಳಲ್ಲ?"

"ಪಾಪ ಕಣಕ್ಕ, ಒಳ್ಳೆ ಉಡ್ಗಿ. ಜೊತೆಗೆ ಬತ್ತಾಳೆ, ಧೈರ್ಯ ಆಯ್ತದೆ."

"ಓಹೋ. ನಂಗೆ ಧೈರ್ಯ ಇಲ್ಲ ಅಂತಲೋ?"

ರಹಮತ್ ದಾರ ಕಚ್ಚಿ ತುಂಡರಿಸಿ, "ಬುಡಕ್ಕ" ಎಂದಳು. ಅಷ್ಟೇ.

ಶ್ರಾವಣ ಕಳೆದ ಮೇಲೆ ಅಂಗನವಾಡಿಯಲ್ಲಿ ದೊಡ್ಡ ಸಭೆಯಾಯಿತು. ಕೋಣೆ ತುಂಬ ಹೆಂಗಸರು. ರಹಮತ್ ಎದ್ದು ನಿಂತಳು. ಚಿತ್ರಪಟ ಹಿಡಿಯಲಿಲ್ಲ, ಭಾಷಣ ಮಾಡಲಿಲ್ಲ.

"ನಾನೂ ಎದ್ರಿದ್ದೆ ಕಣ್ರಮ್ಮ. ಮೊದಲ್ನೇ ಸಲ ನೋಡ್ದಾಗ ಬೆಳ್ಳಗೆ ಏನೋ ಕಾಣಿಸ್ತು, ಮಂಡ್ಯಕ್ಕೆ ಓಗಿ ಅಂದ್ರು. ಆವತ್ತು ರಾತ್ರಿಯೆಲ್ಲಾ ನಿದ್ದೆ ಇಲ್ಲ. ನಮ್ಮ ಮನೆಯೋರ್ಗೂ ಯೋಳ್ಲಿಲ್ಲ. ರೂಪ ಜೊತೇಲಿ ಬಂದ್ಳು. ಅಲ್ಲಿ ಚಿಕ್ಕದೊಂದು ಚೂರು ತೆಗೆದು ಪರೀಕ್ಷೆ ಮಾಡಿ, ಕ್ಯಾನ್ಸರ್ ಅಲ್ಲ ಅಂದ್ರು. ರಿಜಲ್ಟು ಬರೋಗಂಟ ಈ ಉಡ್ಗಿ ನನ್ನ ಕೈ ಬುಡ್ಲಿಲ್ಲ."

ಹೆಂಗಸರು ಲೊಚಗುಟ್ಟಿದರು. ಯಾರೋ ಕಣ್ಣೊರೆಸಿಕೊಂಡರು. ವೇದವತಿಗೆ ಮಾತ್ರ ಕ್ಯಾನ್ಸರು ಕೇಳಿಸಲಿಲ್ಲ. ರೂಪ ಜೊತೆಗೆ ಹೋದದ್ದು ಕೇಳಿಸಿತು. ತನ್ನ ರಹಮತ್ ಸಾವಿಗೆ ಹೆದರಿ ನಿದ್ದೆಗೆಟ್ಟಿದ್ದಾಳೆ, ಗೋಡೆಯ ಈಚೆ ತಾನು ಗೊರಕೆ ಹೊಡೆದಿದ್ದೇನೆ. ಮೊನ್ನೆ ಮೊನ್ನೆ ಮದುವೆಯಾಗಿ ಬಂದ ಹುಡುಗಿ ಅವಳ ಕೈ ಹಿಡಿದು ಕೂತಿದ್ದಾಳೆ. ಈ ಸಂಗತಿ ತನಗೆ ತಿಳಿಯುತ್ತಿರುವುದು ಓಣಿಯವರೆಲ್ಲರ ಜೊತೆಗೆ, ಚಾಪೆಯ ಮೇಲೆ ಕೂತು.

"ಅಷ್ಟು ಧೈರ್ಯ ಇದ್ದೋರು ಗಂಡನಿಗೆ ಯಾಕೆ ಹೇಳ್ಲಿಲ್ಲವೋ?" ಎಂದು ಗಟ್ಟಿಯಾಗಿಯೇ ಅಂದಳು.

ಪರೀಕ್ಷೆಗೆ ಬರುತ್ತೇನೆಂದು ಆಗಲೇ ಹೇಳಿದ್ದ ಇಬ್ಬರು ಚೀಲ ಎತ್ತಿಕೊಂಡು ಹೊರಟರು. ರಹಮತ್ ಇವಳ ಕಡೆ ನೋಡಿದಳು. ಆ ನೋಟ ವೇದವತಿಗೆ ಖುಷಿ ಕೊಟ್ಟಿತು. ಮನೆ ಮುಟ್ಟುವ ಹೊತ್ತಿಗೆ ಆ ಖುಷಿಯೇ ಕಹಿಯಾಗಿತ್ತು.

ಆಮೇಲೆ ಹಿತ್ತಿಲ ಬಾಗಿಲಿಗೆ ಅಗಳಿ ಬಿತ್ತು. ರಹಮತ್ ಎರಡು ಬಾರಿ ಬಂದು ಕೂಗಿದಳು. "ವೇದಕ್ಕಾ, ನೀನೂ ಒಂದ್ಸಲ ತೋರಿಸ್ಕೊ. ಬೈಯಾದಿದ್ರೆ ಆಮೇಲೆ ಬೈಯಿ." ವೇದವತಿ ಒಳಗಿನಿಂದ ಮಿಕ್ಸಿ ಹಾಕಿದಳು.

ಆದರೆ ಮಾತು ಮನಸ್ಸಿನಲ್ಲಿ ಕೂತಿತ್ತು. ತೋರಿಸಿಕೊಳ್ಳಬೇಕು, ಆದರೆ ರಹಮತ್ ಕರೆದುಕೊಂಡು ಹೋದಳು ಎನ್ನಿಸಿಕೊಳ್ಳಬಾರದು. ತಂಗಿ ಪ್ರಿಯಂವದಾ ಮಳವಳ್ಳಿಯಲ್ಲಿದ್ದಳು. ಅವಳನ್ನು ನೋಡಿ ಬರುತ್ತೇನೆಂದು ಗಂಡನಿಗೆ ಹೇಳಿ ಬಸ್ಸು ಹತ್ತಿದ ವೇದವತಿ, ತಂಗಿಯ ಮನೆಗೆ ಹೋಗುವ ಮೊದಲು ಅಲ್ಲಿನ ಆಸ್ಪತ್ರೆಗೆ ಹೋದಳು. ಹುಳಿನೀರಿನಂಥದ್ದನ್ನು ಹಚ್ಚಿ ನೋಡಿದರು. ನೋವಾಗಲಿಲ್ಲ, ನಾಚಿಕೆಯಾಯಿತು. ಕೈತೊಳೆದುಕೊಂಡು ಬಂದ ಡಾಕ್ಟರಮ್ಮ, "ಸ್ವಲ್ಪ ಬೆಳ್ಳಗೆ ಕಾಣ್ತಿದೆ. ಗಾಬರಿ ಬೇಡ, ಮಂಡ್ಯದಲ್ಲಿ ಇನ್ನೊಂದು ಸಲ ನೋಡಿಸಿ" ಎಂದರು.

ಅವಳು ತಂಗಿಗೂ ಹೇಳಲಿಲ್ಲ. ಊಟ ಸೇರಲಿಲ್ಲ, ಬಿಸಿಲು ಜಾಸ್ತಿ ಎಂದಳು. ವಾಪಸು ಬರುವಾಗ ಕಿಟಕಿಯಾಚೆ ಕಬ್ಬಿನ ಗದ್ದೆಗಳು ಓಡುತ್ತಿದ್ದರೆ, ಹೆದರಿಕೆಯ ನಡುವೆಯೂ ಒಂದು ಹಟ ಮೂಡಿತು. ರಹಮತ್ ನನಗೆ ಹೇಳಲಿಲ್ಲ. ನಾನೂ ಅವಳಿಗೆ ಹೇಳುವುದಿಲ್ಲ.

ಮಂಡ್ಯದ ದೊಡ್ಡಾಸ್ಪತ್ರೆಗೆ ಒಬ್ಬಳೇ ಹೋದಳು. ಹೆಂಗಸರ ವಿಭಾಗದ ಮುಂದಿನ ಬೆಂಚುಗಳೆಲ್ಲ ತುಂಬಿದ್ದವು. ಕಂಬಕ್ಕೆ ಒರಗಿ ನಿಂತಳು. ಆಗ ಬೆಂಚಿನ ಆ ತುದಿಯಲ್ಲಿ ಒಂದು ಪರಿಚಿತ ಬೆನ್ನು ಕಂಡಿತು.

ರಹಮತ್. ಪಕ್ಕದಲ್ಲಿ ಬೆಸಗರಹಳ್ಳಿಯ ಪಟ್ಟಲಮ್ಮ ಎಂಬ ಮುದುಕಿ. ಪಟ್ಟಲಮ್ಮ ಅಳುತ್ತಿದ್ದಳು, ರಹಮತ್ ಅವಳ ಕೈಯನ್ನು ತನ್ನ ಎರಡೂ ಕೈಗಳ ನಡುವೆ ಇಟ್ಟುಕೊಂಡು ಉಜ್ಜುತ್ತಿದ್ದಳು. "ನಾನಿಲ್ವೇನಮ್ಮ, ಎಲ್ಲಿಗೂ ಓಗಾಕಿಲ್ಲ ನಾನು" ಎನ್ನುತ್ತಿದ್ದಳು.

ವೇದವತಿಯ ಎದೆಯಲ್ಲಿ ಏನೋ ಹೊತ್ತಿಕೊಂಡಿತು. ತಾನು ಸಾಯುತ್ತಿರಬಹುದು, ಆ ಹೊತ್ತಿನಲ್ಲೂ ಒಬ್ಬ ಮುದುಕಿಯ ಕೈ ನೋಡಿ ಹೊಟ್ಟೆ ಉರಿಯುತ್ತಿದೆ. ತಿರುಗಿ ಹೋಗೋಣ ಎಂದುಕೊಳ್ಳುವಷ್ಟರಲ್ಲಿ ಒಳಗಿನಿಂದ ಕೂಗಿದರು: "ವೇದವತಿ, ಮದ್ದೂರು!"

ರಹಮತ್ ತಿರುಗಿದಳು. ಮುಖದ ಬಣ್ಣವೇ ಹೋಯಿತು. ಓಡಿಬಂದು ತೋಳು ಹಿಡಿದಳು. "ವೇದಕ್ಕಾ! ಇಲ್ಯಾಕೆ ನೀನು? ಒಬ್ಳೇನಾ?"

"ಬಿಡು. ಹೋಗಿ ನೋಡ್ಕೊ ಅವಳನ್ನ. ನಾನ್ಯಾರು ನಿಂಗೆ? ಹೇಳೋಕೂ ಲಾಯಕ್ಕಿಲ್ಲದೋಳು."

ರಹಮತ್ ತೋಳು ಬಿಡಲಿಲ್ಲ. ಅವಳಿಗೂ ಕೋಪ ಬಂತು. "ಯಾಕೆ ಯೋಳ್ಲಿಲ್ಲ ಗೊತ್ತಾ? ನಿಂಗೆ ಯೋಳಿದ್ರೆ ನೀನು ನಂಗಿಂತ ಮುಂಚೆ ಅಳ್ತಿದ್ದೆ. ನಿನ್ನ ಸಮಾಧಾನ ಮಾಡೋ ಕೆಲ್ಸನೂ ನಂದೇ ಆಗ್ತಿತ್ತು. ರೂಪ ಯಾರೋ ಏನೋ, ಅದ್ಕೇ ಸುಮ್ಕೆ ಕೂತಿದ್ಳು. ಆವತ್ತು ನಂಗೆ ಸುಮ್ಕೆ ಕೂರೋರು ಬೇಕಿತ್ತು ಕಣಕ್ಕ."

ಬೆಂಚಿನ ಹೆಂಗಸರೆಲ್ಲ ನೋಡುತ್ತಿದ್ದರು. ವೇದವತಿಗೆ ಮುಖಕ್ಕೆ ಹೊಡೆದಂತಾಯಿತು. ಸುಳ್ಳು ಎಂದು ಹೇಳಲು ಬಾಯಿ ತೆರೆದಳು, ಅಳು ಬಂತು. ರಹಮತ್ ಮಾತು ನಿಜವೆಂದು ಅಲ್ಲೇ, ಆ ಗಳಿಗೆಯಲ್ಲೇ ತೋರಿಸಿಕೊಟ್ಟ ಹಾಗಾಯಿತು.

"ನೋಡ್ದಾ?" ಎಂದಳು ರಹಮತ್. ಅವಳ ಕಣ್ಣೂ ತುಂಬಿತ್ತು. "ನಡಿ, ಒಳಕ್ಕೆ ನಾನೂ ಬತ್ತೀನಿ. ಪಟ್ಟಲಮ್ಮ, ಇಲ್ಲೇ ಕೂತಿರು ತಾಯಿ, ಇದು ನಮ್ಮನೆ ಅಕ್ಕ."

ಒಳಗೆ ದುರ್ಬೀನಿನಂಥ ಯಂತ್ರದಲ್ಲಿ ನೋಡಿ, ಚೂರು ತೆಗೆದು ಕಳಿಸಿದರು. ಕೆಲವು ದಿನಗಳ ಮೇಲೆ ಬಂದ ವೇದವತಿಯ ಫಲಿತಾಂಶ ರಹಮತ್‌ಳದ್ದರಷ್ಟು ಹಗುರವಾಗಿರಲಿಲ್ಲ. ಕ್ಯಾನ್ಸರ್ ಅಲ್ಲ, ಆದರೆ ಹಾಗೇ ಬಿಟ್ಟರೆ ಮುಂದೆ ಆಗಬಹುದಾದದ್ದು. ಶಾಖ ಕೊಟ್ಟು ಆ ಭಾಗವನ್ನು ಸುಟ್ಟು ತೆಗೆದರು. ಚಿಕಿತ್ಸೆಯಾದ ದಿನವೇ ಮನೆಗೆ ಬಂದಳು. ಎಲ್ಲ ಕೇಳಿದ ವೆಂಕಟೇಶಮೂರ್ತಿ, "ನಂಗೆ ಹೇಳಬಾರದಿತ್ತಾ?" ಎಂದರು. ಆ ಪ್ರಶ್ನೆ ಕೇಳುವವರಿಗೆ ಹೇಗಿರುತ್ತದೆಂದು ವೇದವತಿಗೆ ಚೆನ್ನಾಗಿ ಗೊತ್ತಿತ್ತು.

ಕಾರ್ತಿಕದಲ್ಲಿ, ಸಭೆಯಿಂದ ಎದ್ದುಹೋಗಿದ್ದ ಆ ಇಬ್ಬರ ಮನೆಗೂ ಅವಳೇ ಹೋದಳು. ಹೊಸ್ತಿಲ ಹೊರಗೆ ನಿಲ್ಲಲಿಲ್ಲ. ಒಳಗೆ ಕೂತು, ಕೊಟ್ಟ ಕಾಫಿ ಕುಡಿದು, "ಆವತ್ತು ನಾನಾಡಿದ್ದು ಹೊಟ್ಟೆಕಿಚ್ಚಿನ ಮಾತು ಕಣ್ರಮ್ಮ. ನನ್ನ ಕಥೆ ಕೇಳಿ" ಎಂದು ಶುರುಮಾಡಿದಳು. ಒಬ್ಬಳು ತಪಾಸಣೆಗೆ ಬಂದಳು. ಇನ್ನೊಬ್ಬಳು ಇನ್ನೂ ಬಂದಿಲ್ಲ.

ಹೊಟ್ಟೆಕಿಚ್ಚು ಆರಿಹೋಯಿತೇ ಎಂದು ಕೇಳಿದರೆ, ಇಲ್ಲ. ಒಂದು ವರ್ಷದ ನಂತರ ಮತ್ತೆ ತೋರಿಸಿಕೊಳ್ಳಲು ಮಂಡ್ಯಕ್ಕೆ ಹೋದಾಗ ರಹಮತ್ ಜೊತೆಗಿದ್ದಳು. ಏನೂ ಇಲ್ಲ, ಎಲ್ಲ ಸರಿಯಾಗಿದೆ ಎಂದು ಕಳಿಸಿದರು. ವಾಪಸು ಬರುವ ಬಸ್ಸಿನಲ್ಲಿ ರಹಮತ್‌ಳ ಫೋನು ಬಡಿದುಕೊಂಡಿತು. ರೂಪ. ಮಾತು ಮುಗಿಯುವ ಹಾಗೆ ಕಾಣಲಿಲ್ಲ. ನಡುನಡುವೆ ನಗು ಬೇರೆ. ವೇದವತಿ ಮೊದಲು ಕೆಮ್ಮಿದಳು, ಆಮೇಲೆ ಮೊಣಕೈಯಿಂದ ತಿವಿದಳು.

"ಇಡೇ ಫೋನು. ನೀನು ಬಂದಿರೋದು ನನ್ನ ಜೊತೆ."

ರಹಮತ್ ನಗು ತಡೆಯಲಾರದೆ ಫೋನಿನಲ್ಲಿ ಹೇಳಿದಳು: "ಆಮ್ಯಾಕೆ ಮಾಡ್ತೀನಿ ಕಣಮ್ಮ ರೂಪ, ನಮ್ಮ ವೇದಕ್ಕ ಉರ್ಕತಾವ್ಳೆ."