‘ಗೊತ್ತಿಲ್ಲ ಸಾರ್’ ಎಂದ ಭಾನುವಾರ

ನಯಾಜ್ ಯಾರೆಂದು ನನಗೆ ಗೊತ್ತಿಲ್ಲ ಎಂದು ನಾನು ಪೊಲೀಸರಿಗೆ ಹೇಳಿದೆ. ಗೊತ್ತಿತ್ತು. ಆ ದಿನ ಅವನು ಕ್ಯಾಮೆರಾ ಹಿಡಿದು ಅಲ್ಲಿಗೆ ಹೋಗಿದ್ದೇ ನನ್ನ ಒತ್ತಾಯಕ್ಕೆ. ನಾನು ‘ಹೌದು, ಗೊತ್ತು’ ಎಂದಿದ್ದರೆ ಸಂಜೆಯೊಳಗೆ ಅವನು ಮನೆ ಸೇರುತ್ತಿದ್ದ — ಸೇರುತ್ತಿದ್ದನೋ ಇಲ್ಲವೋ, ಅದನ್ನೂ ಖಚಿತವಾಗಿ ಹೇಳಲಾರೆ. ಹೇಳಿ ನೋಡಲೇ ಇಲ್ಲವಲ್ಲ. ಇದನ್ನು ವರ್ಷಗಟ್ಟಲೆ ಯಾರಿಗೂ ಹೇಳದೆ ಇಟ್ಟುಕೊಂಡೆ. ಹೆಂಡತಿಗೂ ಹೇಳಲಿಲ್ಲ.

ಆಗ ನಾನು ಯಲಹಂಕದ ಒಂದು ಖಾಸಗಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದೆ. ಮನೆ ಹುಣಸಮಾರನಹಳ್ಳಿಯಲ್ಲಿ. ವಿಮಾನ ನಿಲ್ದಾಣ ಬಂದ ಮೇಲೆ ಹೆಬ್ಬಾಳದಿಂದ ನಮ್ಮೂರಿನವರೆಗೆ ಎತ್ತ ನೋಡಿದರೂ ಕ್ರೇನುಗಳು. ಬಸ್ಸಿನ ಕಿಟಕಿಯಲ್ಲಿ ಕೂತು ಮಹಡಿಗಳನ್ನು ಎಣಿಸುವುದು ನನಗೊಂದು ಚಟವಾಯಿತು. ಯಾರು ಬೇಕಾದರೂ ಬರೆದು ತಿದ್ದಬಹುದಾದ ಅಂತರ್ಜಾಲದ ವಿಶ್ವಕೋಶವಿದೆಯಲ್ಲ — ಅದರಲ್ಲಿ ಪ್ರತಿ ದೊಡ್ಡ ಊರಿನ ಎತ್ತರದ ಕಟ್ಟಡಗಳದ್ದೂ ಒಂದೊಂದು ಪಟ್ಟಿ ಇರುತ್ತದೆ. ಬೆಂಗಳೂರಿನ ಪಟ್ಟಿ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಹೇಳುವವರು ಕೇಳುವವರು ಇಲ್ಲದ ಸ್ಥಿತಿಯಲ್ಲಿತ್ತು. ಇನ್ನೂ ಪಾಯ ತೋಡದ ಕಟ್ಟಡಕ್ಕೂ ಎತ್ತರ ಬರೆದಿದ್ದರು. ಬಿಲ್ಡರ್‌ಗಳ ಜಾಹೀರಾತನ್ನು ಹಾಗೇ ತಂದು ಸುರಿದಿದ್ದರು. ಅದನ್ನು ನೆಟ್ಟಗೆ ಮಾಡಬೇಕೆಂದು ನಾವೊಂದಿಷ್ಟು ಜನ ಕೂಡಿಕೊಂಡೆವು. ಒಬ್ಬರ ಮುಖ ಒಬ್ಬರು ಕಂಡವರಲ್ಲ. ಪುಣೆಯ ನಿವೃತ್ತ ಲೈಬ್ರೇರಿಯನ್ ಒಬ್ಬರಿದ್ದರು, ಪೋಲೆಂಡಿನ ಒಬ್ಬ ವಿದ್ಯಾರ್ಥಿಯಿದ್ದ. ಮತ್ತೆ, ‘ಮಾಳಿಗೆ’ ಎಂಬ ಹೆಸರಿಟ್ಟುಕೊಂಡ ಒಬ್ಬಾತನಿದ್ದ.

ಈ ಮಾಳಿಗೆಗೂ ನನಗೂ ಮೊದಲು ಜಗಳವೇ ಆಯಿತು. ಕನ್ನಡ ಪಟ್ಟಿಯ ಚರ್ಚೆಯ ಪುಟದಲ್ಲಿ — ಕಟ್ಟಡದ ನೆತ್ತಿಯ ಮೇಲಿನ ನೀರಿನ ಟ್ಯಾಂಕು ಎತ್ತರಕ್ಕೆ ಸೇರುತ್ತದೋ ಇಲ್ಲವೋ ಎಂಬುದರ ಮೇಲೆ. ವಾರಪೂರ್ತಿ ವಾದಿಸಿದೆವು. ಅವನ ಕನ್ನಡ ನೋಡಿ ಯಾರೋ ರಿಟೈರ್ಡ್ ಮೇಷ್ಟ್ರು ಇರಬೇಕು ಎಂದುಕೊಂಡಿದ್ದೆ. ಕೊನೆಗೆ ಹೆಬ್ಬಾಳದ ಒಂದು ಟೀ ಅಂಗಡಿಯಲ್ಲಿ ಭೇಟಿಯಾದಾಗ ಸ್ಕೂಟರಿನಿಂದ ಇಳಿದವನು ಇಪ್ಪತ್ತೈದರ ಆಸುಪಾಸಿನ ಯುವಕ, ನಯಾಜ್. ಆರ್.ಟಿ. ನಗರದವನು, ಅಪ್ಪನದು ಆಟೋ ಸೀಟು ಹೊಲಿಯುವ ಅಂಗಡಿ. ಸಿವಿಲ್ ಡಿಪ್ಲೊಮಾ ಮಾಡಿ ಯಶವಂತಪುರದ ಒಂದು ಸಣ್ಣ ಕಚೇರಿಯಲ್ಲಿ ಮನೆಗಳ ನಕ್ಷೆ ಬರೆಯುತ್ತಿದ್ದ.

“ನೀವೇನಾ ಟ್ಯಾಂಕ್ ವಿರೋಧಿ?” ಎಂದು ನಕ್ಕ. ಎರಡನೇ ಟೀ ಬರುವ ಹೊತ್ತಿಗೆ ‘ನೀವು’ ಹೋಗಿ ‘ಗುರು’ ಆಗಿತ್ತು.

ಅಲ್ಲಿಂದ ಮುಂದೆ ಭಾನುವಾರಗಳೆಲ್ಲ ನಮ್ಮವೇ. ಅವನ ಸ್ಕೂಟರಿನಲ್ಲಿ ಥಣಿಸಂದ್ರ, ಹೆಬ್ಬಾಳ, ಯಶವಂತಪುರ ಸುತ್ತುತ್ತಿದ್ದೆವು. ಅವನು ಫೋಟೋ ತೆಗೆಯುತ್ತಿದ್ದ, ನಾನು ಹಳೆಯ ಪತ್ರಿಕೆಗಳಲ್ಲಿ ಆಧಾರ ಹುಡುಕುತ್ತಿದ್ದೆ. ನಾನು ಕನ್ನಡ ಪಟ್ಟಿಯ ಪೀಠಿಕೆಯಲ್ಲಿ ‘ಗಗನಚುಂಬಿ’ ಎಂದು ಬರೆದಾಗ ಫೋನ್ ಮಾಡಿದ: “ನಮ್ಮೂರಲ್ಲಿ ಗಗನಕ್ಕೆ ಮುತ್ತು ಕೊಡೋ ಬಿಲ್ಡಿಂಗ್ ಎಲ್ಲಿದೆ ಗುರು? ದೂರದಿಂದ ಕೈ ಬೀಸ್ತವೆ ಅಷ್ಟೇ.” ಅವನಿಗೊಂದು ಆಸೆಯಿತ್ತು. ಸೋದರಮಾವ ಶಾರ್ಜಾದಲ್ಲಿ ಕಟ್ಟಡದ ಕಂಪನಿಯಲ್ಲಿದ್ದರು. ಅಲ್ಲಿ ನಕ್ಷೆ ಬರೆಯುವ ಕೆಲಸ ಕೊಡಿಸುವುದಾಗಿ ಹೇಳಿದ್ದರು. ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ್ದ. ನಿಜವಾದ ಎತ್ತರ ಎಂದರೇನು ಎಂದು ಅಲ್ಲಿ ಕೆಳಗೆ ನಿಂತು ಕತ್ತೆತ್ತಿ ನೋಡಬೇಕು ಎನ್ನುತ್ತಿದ್ದ.

ಎರಡು ಸಾವಿರದ ಹನ್ನೆರಡರ ಸುಮಾರಿಗೆ ನಮ್ಮ ಇಂಗ್ಲಿಷ್ ಪಟ್ಟಿಗೆ ವಿಶ್ವಕೋಶದ ‘ಉತ್ತಮ ಪಟ್ಟಿ’ ಎಂಬ ಮನ್ನಣೆ ಸಿಗುವ ಹಂತ ಬಂತು. ಬೇರೆ ಸ್ವಯಂಸೇವಕರು ಸಾಲು ಸಾಲಾಗಿ ಪರೀಕ್ಷಿಸಿ ಒಪ್ಪಬೇಕು. ಪೋಲೆಂಡಿನವನು ಬರೆದ — ಎಲ್ಲ ಸರಿಯಿದೆ, ಹೆಬ್ಬಾಳದ ಹತ್ತಿರ ಏಳುತ್ತಿರುವ ಒಂದು ಟವರಿನ ಫೋಟೋ ಮಾತ್ರ ಇಲ್ಲ. ಆ ಭಾನುವಾರ ನಮ್ಮ ಮನೆಗೆ ಹೆಣ್ಣಿನ ಕಡೆಯವರು ಬರುವವರಿದ್ದರು. ಹುಡುಗಿಯನ್ನು ನೋಡಿ ಬಂದಾಗಿತ್ತು. ಈಗ ಅವರು ನಮ್ಮ ಮನೆ ನೋಡಿ ಮಾತು ಮುಗಿಸಬೇಕಿತ್ತು.

“ಮುಂದಿನ ವಾರ ಇಬ್ರೂ ಹೋಗೋಣ ಬಿಡು,” ಎಂದ ನಯಾಜ್. “ಅಲ್ಲಿ ಸೆಕ್ಯೂರಿಟಿಯವರು ಸ್ವಲ್ಪ ಕಿರಿಕ್. ಒಬ್ನೇ ಹೋದ್ರೆ ಸರಿಹೋಗಲ್ಲ.”

‘ಒಬ್ನೇ’ ಎಂದಾಗ ಅವನು ಹೇಳಲಾರದೆ ಹೇಳಿದ್ದೇನೆಂದು ನನಗೆ ತಿಳಿಯದಿರಲಿಲ್ಲ. ಊರಿನಲ್ಲಿ ಬಾಂಬು, ತಪಾಸಣೆ ಎಂಬ ಮಾತುಗಳಿನ್ನೂ ಆರಿರದ ದಿನಗಳು. ನಾನು ಜೊತೆಗಿದ್ದಾಗ ಯಾರಾದರೂ ತಡೆದರೆ ಕಾಲೇಜಿನ ಗುರುತುಪತ್ರ ತೋರಿಸಿ ಮಾತಾಡುತ್ತಿದ್ದವನು ನಾನೇ. ಆದರೂ — ಆ ಮನ್ನಣೆಯ ಆಸೆ ನನಗೆ. “ಹೋಗಿ ಬಾ ಮಗಾ, ಎರಡು ನಿಮಿಷದ ಕೆಲಸ,” ಎಂದೆ.

ಹಜಾರದಲ್ಲಿ ಹತ್ತು ಹನ್ನೆರಡು ಜನ ಕೂತಿದ್ದರು. ಉಪ್ಪಿಟ್ಟು, ಕೇಸರಿಬಾತು ಸುತ್ತು ಬರುತ್ತಿತ್ತು. ಫೋನು ಬಂತು. ಎದ್ದು ಹಿತ್ತಲಿಗೆ ಹೋದೆ.

“ಮಂಜುನಾಥ್ ಅನ್ನೋರಾ? ಸ್ಟೇಷನ್ನಿಂದ ಮಾತಾಡ್ತಿರೋದು ಕಣ್ರೀ. ಇಲ್ಲೊಬ್ಬ ನಯಾಜ್ ಅಂತ ಸಿಕ್ಕಿದಾನೆ. ಕ್ಯಾಮೆರಾ ತುಂಬಾ ಬರೀ ದೊಡ್ಡ ದೊಡ್ಡ ಬಿಲ್ಡಿಂಗು. ಯಾವುದು ಎಷ್ಟು ಎತ್ತರ, ಎಷ್ಟು ಫ್ಲೋರು, ಎಲ್ಲಾ ಪ್ರಿಂಟ್ ಬೇರೆ ಹಾಕ್ಸಿದಾನೆ. ಕೇಳಿದ್ರೆ ವಿಶ್ವಕೋಶ ಅಂತಾನೆ, ನಿಮ್ಮ ಹೆಸರು ಹೇಳ್ತಾನೆ. ಗೊತ್ತಾ ನಿಮಗೆ?”

ಹಿತ್ತಲ ಬಾಗಿಲಿನಿಂದ ಹಜಾರ ಕಾಣುತ್ತಿತ್ತು. ಹುಡುಗಿಯ ದೊಡ್ಡಪ್ಪ ನನ್ನ ಕಡೆಗೇ ನೋಡುತ್ತಿದ್ದರು. ಸ್ಟೇಷನ್ ಎಂಬ ಒಂದು ಪದ ಅವರ ಕಿವಿಗೆ ಬಿದ್ದರೆ — ಇಷ್ಟೇ, ಇಷ್ಟೇ ನನ್ನ ತಲೆಯಲ್ಲಿ ಓಡಿದ್ದು. ಇದಕ್ಕಿಂತ ದೊಡ್ಡ ಭಯವೇನಾದರೂ ಇತ್ತೇ ಎಂದು ಆಮೇಲೆ ಎಷ್ಟೋ ಸಲ ನನ್ನೊಳಗೆ ತಡಕಾಡಿದ್ದೇನೆ. ಇರಲಿಲ್ಲ.

“ಗೊತ್ತಿಲ್ಲ ಸಾರ್,” ಎಂದೆ. “ಯಾರೋ ನನ್ನ ನಂಬರ್ ಕೊಟ್ಟಿರ್ಬೇಕು.”

ಆ ಕಡೆ ಫೋನಿಟ್ಟರು. ನಾನು ನನ್ನ ಫೋನನ್ನು ಆಫ್ ಮಾಡಿ ಒಳಗೆ ಬಂದೆ. ಯಾರದು ಫೋನು ಎಂದು ದೊಡ್ಡಪ್ಪ ಕೇಳಿದರು. ಕ್ರೆಡಿಟ್ ಕಾರ್ಡ್ ಬೇಕಾ ಅಂತ ಕೇಳೋರು ಎಂದೆ. ಎಲ್ಲರೂ ನಕ್ಕರು. ಆ ಸಂಜೆ ನನ್ನ ಮದುವೆ ನಿಶ್ಚಯವಾಯಿತು.

ನಯಾಜ್‌ನನ್ನು ಎರಡು ರಾತ್ರಿ ಅಲ್ಲೇ ಕೂರಿಸಿಕೊಂಡಿದ್ದರು. ಅವನ ಅಪ್ಪ ಯಾರ್‍ಯಾರದೋ ಕೈಕಾಲು ಹಿಡಿದು ಬಿಡಿಸಿಕೊಂಡು ಬಂದರು. ಕೇಸು ಹಾಕಲಿಲ್ಲ, ಕ್ಯಾಮೆರಾ ಮಾತ್ರ ವಾಪಸು ಕೊಡಲಿಲ್ಲ. ಮಂಗಳವಾರ ಅವನೇ ಫೋನ್ ಮಾಡಿದ. ನಾನು ಅವನಿಗಿಂತ ಮೊದಲೇ ಬಾಯಿ ತೆರೆದೆ: “ಭಾನುವಾರ ನನ್ನ ಫೋನ್ ಆಫ್ ಆಗಿತ್ತು ಕಣೋ. ಚಾರ್ಜೇ ಇರ್ಲಿಲ್ಲ. ಏನಾಯ್ತು?”

“ಹೌದಾ?” ಎಂದ. “ಸರಿ ಬಿಡು ಗುರು.”

ಇಲ್ಲಿಗೇ ನಿಲ್ಲಿಸಿದ್ದರೂ — ಇಲ್ಲ, ನಾನು ಅಲ್ಲಿಗೂ ನಿಲ್ಲಿಸಲಿಲ್ಲ. ಪುಣೆಯ ಲೈಬ್ರೇರಿಯನ್ ಚರ್ಚೆಯ ಪುಟದಲ್ಲಿ ಕೇಳಿದರು, ಮಾಳಿಗೆ ಎಲ್ಲಿ, ವಾರದಿಂದ ಕಾಣುತ್ತಿಲ್ಲ, ತೊಂದರೆಯೇನೂ ಇಲ್ಲವಷ್ಟೆ? ನಿಜ ಬರೆದಿದ್ದರೆ ಆಕೆ ಸುಮ್ಮನಿರುತ್ತಿರಲಿಲ್ಲ. ಇವನು ನಮ್ಮವನು, ಮಾಡುತ್ತಿದ್ದುದು ಇಂಥ ಕೆಲಸ ಎಂದು ಹತ್ತು ಜನರ ಕೈಯಲ್ಲಿ ಪೊಲೀಸರಿಗೆ ಪತ್ರ ಬರೆಸುತ್ತಿದ್ದರು. ಅಂಥವರು. ನಾನು ಬರೆದೆ: ‘ವೈಯಕ್ತಿಕ ಕಾರಣಗಳಿಂದ ಬಿಡುವು ತೆಗೆದುಕೊಂಡಿದ್ದಾರೆ.’ ಕೆಲವೇ ದಿನಗಳಲ್ಲಿ ನಮ್ಮ ಪಟ್ಟಿಗೆ ಮನ್ನಣೆ ಸಿಕ್ಕಿತು. ಅಭಿನಂದನೆಗಳೆಲ್ಲ ನನ್ನ ಹೆಸರಿಗೆ ಬಂದವು. ಒಂದೊಂದಕ್ಕೂ ಧನ್ಯವಾದ ಬರೆದೆ.

ಮಾಳಿಗೆ ಮತ್ತೆ ಆ ಪುಟಕ್ಕೆ ಬರಲಿಲ್ಲ. ಸ್ಟೇಷನ್ನಿನ ಸುದ್ದಿ ತಿಳಿದ ಕಚೇರಿಯವರು ಬೇರೆ ಕಡೆ ನೋಡಿಕೋ ಎಂದರು. ಪಾಸ್‌ಪೋರ್ಟಿನ ಪೊಲೀಸ್ ವಿಚಾರಣೆ ಅಲ್ಲೇ ಸಿಕ್ಕಿಹಾಕಿಕೊಂಡಿತು. ಶಾರ್ಜಾದ ಕೆಲಸಕ್ಕೆ ಬೇರೆ ಯಾರೋ ಹೋದರು. ನಯಾಜ್ ಆರ್.ಟಿ. ನಗರದಲ್ಲೇ ಜೆರಾಕ್ಸು, ಪಾಸ್‌ಪೋರ್ಟ್ ಸೈಜ್ ಫೋಟೋದ ಅಂಗಡಿ ಹಾಕಿದ. ಊರವರ ಪಾಸ್‌ಪೋರ್ಟುಗಳಿಗೆಲ್ಲ ಫೋಟೋ ತೆಗೆದುಕೊಟ್ಟ.

ನನ್ನ ಮದುವೆಗೆ ಬಂದಿದ್ದ. ಯಾರದೋ ಕ್ಯಾಮೆರಾ ಎರವಲು ತಂದು ಇಡೀ ದಿನ ನಿಂತು ಫೋಟೋ ತೆಗೆದ. ಮದುವೆಯಾದ ಮೇಲೆ ಒಂದು ರಂಜಾನ್ ಹಬ್ಬಕ್ಕೆ ಮೊದಲ ಸಲ ಅವನ ಮನೆಗೆ ಹೋದೆ. ಆಮೇಲೆ ಪ್ರತಿ ವರ್ಷ ಹೋಗುತ್ತಿದ್ದೆ. ಅವನ ಅಪ್ಪನ ಪಕ್ಕದಲ್ಲೇ ಕೂತು ಉಂಡಿದ್ದೇನೆ. “ಮೇಷ್ಟ್ರಿಗೆ ಇನ್ನೊಂದು ತುಂಡು ಹಾಕಿ,” ಎನ್ನುತ್ತಿದ್ದರು ಅವರು. ಅದು ಗಂಟಲಲ್ಲಿ ಸಲೀಸಾಗಿ ಇಳಿಯುತ್ತಿತ್ತು — ಅದೇ ನಾಚಿಕೆ. ಇಳಿಯಬಾರದಿತ್ತು.

ಎರಡು ಸಾವಿರದ ಹತ್ತೊಂಬತ್ತರಲ್ಲಿ ನಮ್ಮ ಕಾಲೇಜಿನಲ್ಲಿ ವಿಶ್ವಕೋಶಕ್ಕೆ ಬರೆಯುವುದು ಹೇಗೆ ಎಂದು ಒಂದು ಕಮ್ಮಟ ಇಟ್ಟರು. ಅನುಭವಸ್ಥ ಎಂದು ನನ್ನನ್ನೇ ಕೂರಿಸಿದರು. ಪಟ್ಟಿಯಲ್ಲಿ ಹೊಸ ಕಟ್ಟಡಗಳು ಸೇರಿಲ್ಲ, ಯಾರು ಹೋಗಿ ಫೋಟೋ ತರುತ್ತೀರಿ ಎಂದು ಕೇಳಿದೆ. ಶಾಹೀನ್ ಎಂಬ ವಿದ್ಯಾರ್ಥಿನಿ ಎದ್ದು ನಿಂತಳು.

“ಸಾರ್, ಬಿಲ್ಡಿಂಗ್ ಫೋಟೋ ತೆಗೆದ್ರೆ ಯಾರೂ ಏನೂ ಅನ್ನಲ್ವಾ? ನಿಮ್ಮ ಟೀಮಲ್ಲಿ ಯಾರಿಗಾದ್ರೂ ಪ್ರಾಬ್ಲಮ್ ಆಗಿತ್ತಾ?”

“ಯಾರಿಗೂ ಏನೂ ಆಗಿಲ್ಲಮ್ಮ,” ಎಂದೆ. “ಧೈರ್ಯವಾಗಿ ಹೋಗಿ.”

ಎಷ್ಟು ಸಲೀಸಾಗಿ ಬಂತು ಆ ಮಾತು! ತಡವರಿಸಲೂ ಇಲ್ಲ. ಆ ಹುಡುಗಿ ನನ್ನನ್ನು ನಂಬಿ ಕುಳಿತಳು. ಅವಳ ಮುಖ ನೋಡಿದಾಗ — ಅಂದು ನಯಾಜ್‌ಗೆ ಮಾಡಿದ್ದನ್ನೇ ಇನ್ನೊಮ್ಮೆ ಮಾಡುತ್ತಿದ್ದೇನೆ ಎನ್ನಿಸಿತು. ಮಧ್ಯಾಹ್ನವೇ ಬಸ್ಸು ಹತ್ತಿ ಆರ್.ಟಿ. ನಗರಕ್ಕೆ ಹೋದೆ.

ಅಂಗಡಿಯಲ್ಲಿ ಅವನೊಬ್ಬನೇ ಇದ್ದ. ನಿಂತೇ ಹೇಳಿದೆ. ಹಿತ್ತಲಲ್ಲಿ ಫೋನೆತ್ತಿದ್ದು, ಗೊತ್ತಿಲ್ಲ ಎಂದದ್ದು, ಚಾರ್ಜ್ ಇರಲಿಲ್ಲ ಎಂದ ಸುಳ್ಳು, ಎಲ್ಲ. ಅವನು ಮಷಿನ್ನಿನ ಮುಚ್ಚಳ ಹಾಕಿ ನನ್ನನ್ನು ನೋಡಿದ.

“ಗೊತ್ತು ಗುರು,” ಎಂದ. “ಸ್ಪೀಕರಲ್ಲಿ ಇಟ್ಟಿದ್ರು. ನನ್ನ ಮುಂದೇನೇ.”

ಅವನೇ ಮುಂದುವರಿಸಿದ.

“ನಿನ್ನ ಮದುವೆಗೆ ಬಂದ್ನಲ್ಲ, ಆವತ್ತು ಹೇಳ್ತೀಯ ಅಂತ ಬಂದೆ. ಹೇಳ್ಲಿಲ್ಲ. ಹಬ್ಬಕ್ಕೆ ಬಂದಾಗೆಲ್ಲ ಇವತ್ತು ಹೇಳ್ತಾನೆ ಅಂದ್ಕೊಂಡೆ. ಆಮೇಲೆ ಅಂದ್ಕೊಳ್ಳೋದು ಬಿಟ್ಬಿಟ್ಟೆ.”

“ಮನೇಲಿ...”

“ಆ ನಂಬರ್ ನಿಂದು ಅಂತ ಮನೇಲಿ ಹೇಳ್ಲಿಲ್ಲ. ಇಂಟರ್‌ನೆಟ್ಟಲ್ಲಿ ಪರಿಚಯ ಆದೋನು ಅಂದೆ ಅಷ್ಟೇ. ಆದ್ರೆ ವಿಶ್ವಕೋಶಕ್ಕೆ ಅಂತ ಎಷ್ಟು ಹೇಳಿದ್ರೂ ಅಬ್ಬಾಗೆ ಕೊನೇವರೆಗೂ ಡೌಟು ಹೋಗ್ಲಿಲ್ಲ ಗುರು. ಅಂಥ ಪಟ್ಟಿ ಯಾವನಾದ್ರೂ ಸುಮ್ನೆ ಮಾಡ್ತಾನಾ, ನನ್ನ ಮಗ ಯಾರ ಸಹವಾಸದಲ್ಲಿದ್ದ ಅಂತ. ಬಾಯಿಬಿಟ್ಟು ಕೇಳ್ತಿರ್ಲಿಲ್ಲ. ನೋಡೋರು, ಅಷ್ಟೇ. ನೀನು ಒಂದ್ಸಲ ‘ನಾನೂ ಜೊತೇಲಿದ್ದೆ’ ಅಂದಿದ್ರೆ ಸಾಕಿತ್ತು. ಅವರ ಪಕ್ಕದಲ್ಲೇ ಕೂತಿರ್ತಿದ್ದೆ ನೀನು.”

ಅವನ ಅಪ್ಪ ತೀರಿಕೊಂಡು ಆಗ ವರ್ಷವಾಗಿತ್ತು. ಮಣ್ಣಿಗೆ ನಾನೂ ಹೋಗಿದ್ದೆ.

ಕ್ಷಮಿಸು ಎನ್ನುವ ಮಾತು ತುಟಿಯವರೆಗೆ ಬಂತು. ಹೇಳಿದರೆ ಅವನು ‘ಹೋಗ್ಲಿ ಬಿಡು’ ಎಂದುಬಿಡುತ್ತಾನೆ ಎಂದು ಗೊತ್ತಿತ್ತು. ಅಷ್ಟು ಸುಲಭದ ಕ್ಷಮೆಯನ್ನು ಅವನಿಂದ ಕಿತ್ತುಕೊಳ್ಳಬಾರದೆನ್ನಿಸಿ ನುಂಗಿಕೊಂಡೆ. “ಅಮ್ಮನಿಗೆ ನಾನೇ ಹೇಳ್ಲಾ?” ಎಂದು ಕೇಳಿದೆ. ಅವನು ಶಟರ್ ಎಳೆದ.

ಅಂದು ಸಂಜೆ ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ಅವಳು ಕೇಳಿದ್ದು ಒಂದೇ ಮಾತು: “ನಮ್ಮ ದೊಡ್ಡಪ್ಪ ಏನಂದ್ಕೊಳ್ತಾರೆ ಅಂತ ಒಬ್ಬರನ್ನ ಲಾಕಪ್ಪಲ್ಲಿ ಬಿಟ್ರಾ?” ಅವತ್ತಿನಿಂದ ಅವಳು ನನ್ನೊಡನೆ ಮೊದಲಿನಂತೆ ಮಾತಾಡುತ್ತಿಲ್ಲ. ಮಾತಾಡೆಂದು ಕೇಳುವ ಮುಖವೂ ನನಗಿಲ್ಲ. ಮರುದಿನ ಶಾಹೀನ್ ಮತ್ತು ಅವಳ ಜೊತೆಯವರ ಮುಂದೆ ನಿಂತು ನಿನ್ನೆ ಹೇಳಿದ್ದು ಸುಳ್ಳು ಎಂದೆ. ಫೋಟೋಗೆ ಹೋಗುವುದಾದರೆ ನಾನು ಜೊತೆಗೆ ಬರುತ್ತೇನೆ ಎಂದೆ. ಚರ್ಚೆಯ ಪುಟದಲ್ಲೂ ಬರೆದೆ, ನನ್ನ ನಿಜ ಹೆಸರಿನಲ್ಲಿ. ಇವು ಯಾವುವೂ ಪ್ರಾಯಶ್ಚಿತ್ತವಲ್ಲ. ಮಾಡಬೇಕಾದ ಹೊತ್ತಿಗೆ ಮಾಡದ ಕೆಲಸಗಳು, ಅಷ್ಟೆ.

ಆದರೆ ಅವಕ್ಕೆಲ್ಲ ಮೊದಲು, ಆ ಮಧ್ಯಾಹ್ನವೇ, ನಯಾಜ್ ಅಂಗಡಿ ಮುಚ್ಚಿ ನನ್ನನ್ನು ಮನೆಗೆ ಕರೆದೊಯ್ದಿದ್ದ. ಅವನ ತಾಯಿ ಸೊಪ್ಪು ಬಿಡಿಸುತ್ತ ಕೂತಿದ್ದರು. ನಾನು ನೆಲದ ಮೇಲೆ ಅವರ ಎದುರು ಕೂತು, ನಾವಿಬ್ಬರೂ ಭಾನುವಾರಗಳಲ್ಲಿ ಏನು ಮಾಡುತ್ತಿದ್ದೆವು ಎಂಬಲ್ಲಿಂದ ಶುರುಮಾಡಿದೆ. ಟ್ಯಾಂಕಿನ ಜಗಳವನ್ನೂ ಹೇಳಿದೆ. ಫೋನಿನ ಮಾತಿಗೆ ಬಂದಾಗ ಅವರ ಕೈ ನಿಂತಿತು. ಮಗನ ಕಡೆ ನೋಡಿದರು. ಅವನು ಬಾಗಿಲಿಗೆ ಒರಗಿ ನೆಲ ನೋಡುತ್ತಿದ್ದ.

“ಹಂಗಾದ್ರೆ,” ಎಂದರು ನನ್ನ ಕಡೆ ತಿರುಗಿ, “ನಮ್ಮ ನಯಾಜ್ ತನ್ನ ಅಬ್ಬಾಗೆ ಸುಳ್ಳು ಹೇಳ್ಲಿಲ್ಲ?”

“ಇಲ್ಲಮ್ಮ. ಸುಳ್ಳು ಹೇಳಿದ್ದು ನಾನು.”

ಅವರು ಸೊಪ್ಪಿನ ತಟ್ಟೆ ಬದಿಗೆ ಸರಿಸಿ ಎದ್ದರು. ಬಾಗಿಲ ಹತ್ತಿರ ಹೋಗಿ, ಮೂವತ್ತು ದಾಟಿದ ಮಗನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ನಾನು ಕೂತಲ್ಲಿಂದ ಎದ್ದು, ಅವರಿಬ್ಬರ ಪಕ್ಕದಲ್ಲೇ ಹಾದು, ಚಪ್ಪಲಿ ಹಾಕಿಕೊಂಡು ಹೊರಗೆ ಬಂದೆ. ಯಾರೂ ನನ್ನನ್ನು ಕರೆಯಲಿಲ್ಲ. ಕರೆಯಬಾರದಿತ್ತು.