ಸಂತೆಯಲ್ಲಿ ಬೆಣೆ ಕೊಡಿಸಿದ ಬೂಟು

ತರೀಕೆರೆಯ ಶಾಲೆಯೊಂದರಲ್ಲಿ ನಾನು ಪಿ.ಟಿ. ಮೇಷ್ಟ್ರು. ಹಿಮಾಚಲಕ್ಕೆ ಹೋಗಿ ಸ್ಕೀಯಿಂಗ್ ಕಲಿತು ನಪಾಸಾಗಿ ಬಂದವನು ಸುತ್ತ ಹತ್ತೂರಿಗೆ ನಾನೊಬ್ಬನೇ ಇರಬೇಕು. ಹಿಮದ ಮೇಲೆ ನಾನು ಎಡಕ್ಕೆ ಮಾತ್ರ ತಿರುಗುತ್ತಿದ್ದೆ. ಬಲಕ್ಕೆ ಹೊರಟರೆ ಬಲಗಾಲಿನ ಸ್ಕೀ ಹಲಗೆಯ ಒಳ ಅಂಚು ಹಿಮವನ್ನು ಕಚ್ಚಿ ಹಿಡಿದು ಬಿಡುತ್ತಲೇ ಇರಲಿಲ್ಲ. ನಿಮ್ಮ ಬಲ ಮಂಡಿ ಒಳಕ್ಕೆ ವಾಲುತ್ತದೆ, ಬೂಟಿನೊಳಗೆ ಒಳಬದಿಗೆ ತೆಳು ಬೆಣೆ ಕೊಡಿಸಿ, ಮಂಡಿ ಪಾದದ ನೇರಕ್ಕೆ ಬಂದರೆ ಅಂಚು ತಾನೇ ಬಿಡುತ್ತದೆ ಎಂದು ತರಬೇತುದಾರರು ಹೇಳಿ ಕಳಿಸಿದ್ದರು. ಇನ್ನೊಂದು ಸಲ ರಜೆ ಕೊಡುತ್ತೇನೆ, ಅದೇ ಕೊನೆ ಎಂದು ಹೆಡ್‌ಮಿಸ್ ಖಡಾಖಂಡಿತ ಹೇಳಿದ್ದರು.

ಕೊಂಡು ತಂದಿದ್ದ ಹಳೆಯ ಸ್ಕೀ ಬೂಟನ್ನು ಕಡೂರಿನ ಚಪ್ಪಲಿ ಹೊಲಿಯುವವರು ನೋಡಿ ಕೈಚೆಲ್ಲಿದರು. ಕೊನೆಗೆ ಅಜ್ಜಂಪುರದ ಸಂತೆಯಲ್ಲಿ ಎತ್ತುಗಳಿಗೆ ಲಾಳ ಕಟ್ಟುವ, ಯಗಟಿ ಕಡೆಯ ಯಜಮಾನರ ಹತ್ತಿರ ಹೋದೆ.

ಅವರು ಬೂಟು ಮುಟ್ಟಲಿಲ್ಲ. ಎತ್ತುಗಳ ಸಾಲಿನ ಪಕ್ಕ ನನ್ನನ್ನು ಎರಡು ಸಲ ನಡೆಸಿ, ಚಪ್ಪಲಿ ತಿರುಗಿಸಿ ನೋಡಿದರು.

"ಬಲಗಾಲು ಒಳಕ್ ಸವೆಸ್ತೀರಿ. ಮಲಿಕ್ಕಳಿ ಮೇಷ್ಟ್ರೇ."

ಮಲಗುವುದೇಕೆ ಎಂದು ರೇಗಿದೆ. ಎತ್ತನ್ನಾಗಲಿ ಯಾರನ್ನಾಗಲಿ ನೆಲಕ್ಕೆ ಕೆಡವದೆ ಲಾಳ ಕಟ್ಟುವ ಪದ್ಧತಿ ತಮ್ಮಲ್ಲಿಲ್ಲ, ನಿಂತ ಕಾಲು ನಾಟಕ ಆಡುತ್ತದೆ ಎಂದರು. ಮಲಗಿದೆ. ಒದ್ದರೆ ಕಷ್ಟವೆಂದು ಕಾಲಿಗೆ ಹಗ್ಗವನ್ನೂ ಬಿಗಿದರು. ಜನ ಸೇರಿತು. ಒಬ್ಬರು ಬಗ್ಗಿ, ಎತ್ತಿನ ವಯಸ್ಸು ಕೇಳುವಂತೆ, ಎಷ್ಟು ಹಲ್ಲಾಗಿದೆ ಎಂದು ವಿಚಾರಿಸಿದರು. ಅಷ್ಟರಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ ನಮಸ್ಕಾರ ಸಾರ್ ಎನ್ನಬೇಕೆ! ಮಲಗಿದಲ್ಲೇ ಕೈಮುಗಿದೆ. ಹಿಮದಲ್ಲಿ ಮುಖ ಅಡಿಯಾಗಿ ಬಿದ್ದಾಗಲೂ ನನಗೆ ಅಷ್ಟು ನಾಚಿಕೆ ಆಗಿರಲಿಲ್ಲ.

ಯಜಮಾನರು ಹಳೆಯ ಟೈರಿನ ರಬ್ಬರನ್ನು ಒಂದು ಅಂಚು ದಪ್ಪ, ಇನ್ನೊಂದು ತೆಳುವಾಗುವಂತೆ ಕೆತ್ತಿ, ಬೂಟಿನೊಳಗಿನ ಅಟ್ಟೆಯ ಕೆಳಗೆ ಕೂರಿಸಿದರು. ಬಲಕ್ಕೂ ಕೂರಿಸಿದರು, ಎಡಕ್ಕೂ ಕೂರಿಸಿದರು. ಎಡಗಾಲು ನೆಟ್ಟಗಿದೆ, ಬೇಡ ಎಂದೆ. ಒಂದೇ ಕಾಲಿಗೆ ಕಟ್ಟಿ ಕಳಿಸಿದರೆ ಸಂತೆಯಲ್ಲಿ ತಮ್ಮ ಮರ್ಯಾದೆ ಏನಾಗಬೇಕು ಎಂದರು.

ಹಿಮಾಚಲದ ಪರೀಕ್ಷೆಯಲ್ಲಿ ಎರಡು ಅವಕಾಶ. ಬಲಕ್ಕೆ ತಿರುಗದಿದ್ದರೆ ಪ್ರಮಾಣಪತ್ರ ಇಲ್ಲ. ಮೊದಲ ಸಲ ಬಲಗಾಲಿನ ಅಂಚು ಬಿಟ್ಟಿತು, ನಿಜ. ಆದರೆ ಬಲಕ್ಕೆ ತಿರುಗುವಾಗ ಭಾರ ಹೊರುವುದು ಎಡಗಾಲು. ಅದು ಬೇಡದ ಬೆಣೆಯಿಂದ ಹೊರಕ್ಕೆ ವಾಲಿ, ಹಿಡಿತ ಸಿಗದೆ ಜಾರಿ, ನಾನು ಬೇಲಿಗೆ ಹೋಗಿ ಬಿದ್ದೆ. ಅಲ್ಲೇ ಕೂತು, ಯಜಮಾನರನ್ನು ಬಾಯಿಗೆ ಬಂದಂತೆ ಬೈಯುತ್ತ ಎಡ ಬೂಟಿನ ಬೆಣೆ ಕಿತ್ತು ಜೇಬಿಗೆ ಹಾಕಿದೆ. ಎರಡನೆಯ ಸಲ ಬಲಕ್ಕೆ ತಿರುಗಿದೆ. ನಂಬಿಕೆ ಬಾರದೆ ಇನ್ನೊಮ್ಮೆ ತಿರುಗಿದೆ. ಕೆಳಗೆ ಬಂದು ನಿಂತಾಗ ಕಣ್ಣಲ್ಲಿ ನೀರಿತ್ತು.

ಊರಿಗೆ ಬಂದವನು ಆ ಬೂಟನ್ನೇ ಹಾಕಿಕೊಂಡು ಟಕಟಕ ಎನ್ನುತ್ತ ಸಂತೆಗೆ ಹೋದೆ. ಯಜಮಾನರು ಪ್ರಮಾಣಪತ್ರ ನೋಡಲಿಲ್ಲ, ನಡೆಯಿರಿ ಎಂದರು. ನಡೆದೆ.

"ಎಡಗಾಲ್ದು ಬಿದ್ದೋಗೈತೆ."

ಹೌದೆಂದು ತಲೆಯಾಡಿಸಿದೆ. ಜೇಬಿನಿಂದ ರಬ್ಬರು ತೆಗೆದು ಅವರ ಕೈಗೆ ಕೊಟ್ಟು, ಹೇಳಿಸಿಕೊಳ್ಳದೆ ನಾನೇ ಮಲಗಿದೆ.