ಗೌಂಡಿ ಗಂಗಪ್ಪನ ಕಮಾನು

ಹೆಬ್ಬಗೋಡಿಯ ಬಾಡಿಗೆ ಕೋಣೆಯಲ್ಲಿರುವ ಗಂಗಪ್ಪ ಕೊಪ್ಪಳದ ಕಡೆಯ ಗೌಂಡಿ. ಅಪ್ಪನಿಂದ ಕಲಿತದ್ದು ಸುಣ್ಣದ ಗಾರೆ ಅರೆದು ಇಟ್ಟಿಗೆಯ ಕಮಾನು ಕಟ್ಟುವುದು. ಇಲ್ಲಿ ಹನ್ನೊಂದು ವರ್ಷ ಮಾಡಿದ್ದು ಸಿಮೆಂಟ್ ಬ್ಲಾಕಿನ ಮೇಲೆ ಬ್ಲಾಕ್ ಇಡುವುದು. ಕಮಾನು ಕಟ್ಟಬಲ್ಲೆ ಎಂದರೆ ಜೊತೆಯವರೇ ನಗುತ್ತಿದ್ದರು.

ಹಾಗಿರುವಾಗ ರಾಜಕಾಲುವೆಯ ಹಳೇ ಇಟ್ಟಿಗೆ ಸೇತುವೆಗೆ ಅದೃಷ್ಟ ಖುಲಾಯಿಸಿತು. ಗದ್ದೆಗಳ ಹೆಚ್ಚುವರಿ ನೀರು ಹರಿಯಲೆಂದು ಹಿಂದಿನವರು ತೋಡಿದ ಕಾಲುವೆ. ಈಗ ಅದರಲ್ಲಿ ಹರಿಯುವುದೇನೆಂದು ಮೂಗಿರುವವರಿಗೆಲ್ಲ ಗೊತ್ತು. ಸೇತುವೆಗೆ ಎರಡು ಕಮಾನು. ಒಂದು ಕಮಾನು ನೂರು ವರ್ಷದಿಂದ ಗಟ್ಟಿಯಾಗಿ ನಿಂತಿತ್ತು, ಇನ್ನೊಂದನ್ನು ಕೇಬಲ್ ಹಾಕುವವರು ಅಗೆದು ಕೆಡವಿದ್ದರು. ಯಾರೋ ಅರ್ಜಿ ಬರೆದು, ಅದನ್ನು ಹಳೇ ರೀತಿಯಲ್ಲೇ ಕಟ್ಟಬೇಕೆಂದಾಯಿತು. ಗುತ್ತಿಗೆದಾರನ ಇಂಜಿನಿಯರ್ ಕೊಟ್ರೇಶ್ ಹುಡುಕಾಡಿ ಗಂಗಪ್ಪನನ್ನು ಕರೆತಂದ.

ಗಂಗಪ್ಪ ಮರದ ಸೆಂಟ್ರಿಂಗ್ ನಿಲ್ಲಿಸಿ ಮೇಲೆ ಇಟ್ಟಿಗೆ ಕೂರಿಸಿದ. ಗಾರೆ ಗಟ್ಟಿಯಾಗುವವರೆಗೆ ಕಮಾನಿನ ಭಾರ ಹೊರುವುದು ಆ ಮರವೇ. ಇದೊಂದು ನಿಂತರೆ ತಾನು ಬ್ಲಾಕ್ ಇಡುವವನಲ್ಲ, ಗೌಂಡಿ ಎಂದು ನಾಲ್ಕು ಜನಕ್ಕೆ ಗೊತ್ತಾಗುತ್ತದೆ ಎಂಬ ಆಸೆ ಅವನಿಗೆ. ಹೆಂಡತಿ ಮಲಕವ್ವನನ್ನೂ ಕರೆತಂದು ತೋರಿಸಿದ.

ಹತ್ತನೇ ದಿನ ಕೊಟ್ರೇಶ್ ಬಂದ. "ನಾಡಿದ್ದು ಉದ್ಘಾಟನೆ ಕಣಯ್ಯ. ಕೆಳಗೆ ಮರ ಕಂಡ್ರೆ ಫೋಟೋ ಚೆನ್ನಾಗ್ ಬರಲ್ಲ. ಬಿಚ್ಬಿಡು."

"ಗಾರಿ ಇನ್ನೂ ಹಸಿ ಐತ್ರೀ ಸಾಹೇಬ್ರ. ಇದು ಸಿಮಿಟ್ ಅಲ್ರೀ, ಇನ್ನೊಂದ್ ತಿಂಗಳಾರ ಬೇಕು."

"ನೀನ್ ಬಿಚ್ಚಲ್ಲ ಅಂದ್ರೆ ಬೇರೆಯವರು ಬಿಚ್ತಾರೆ."

ಬೇರೆಯವರು ಹೇಗೆ ಬಿಚ್ಚುತ್ತಾರೆಂದು ಗಂಗಪ್ಪನಿಗೆ ಗೊತ್ತಿತ್ತು: ಹಾರೆಯಲ್ಲಿ ಮೀಟಿ, ಸುತ್ತಿಗೆಯಲ್ಲಿ ಬಡಿದು. ನಾನಾದರೆ ಮೆಲ್ಲಗೆ ಸಡಿಲಿಸುತ್ತೇನೆ, ಉಳಿದರೂ ಉಳಿದೀತು ಎಂದುಕೊಂಡ. ಕೆಲಸ ಬಲ್ಲವರಷ್ಟೇ ಮಾಡುವ ದಡ್ಡತನ ಇದು. ಮರದಡಿಯ ಬೆಣೆಗಳನ್ನು ಚೂರು ಚೂರೇ ಜರುಗಿಸುತ್ತ ಇಡೀ ದಿನ ಬಿಚ್ಚಿದ. ಕಮಾನು ನಿಂತಿತು. ದೊಡ್ಡವರು ಬಂದು ರಿಬ್ಬನ್ ಕತ್ತರಿಸಿ ಹೋದರು.

ನಾಲ್ಕು ದಿನಕ್ಕೆ ಅಪಾರ್ಟ್‌ಮೆಂಟಿನ ನೀರಿನ ಟ್ಯಾಂಕರ್ ಹತ್ತಿತು, ಕಮಾನು ಕುಸಿಯಿತು. ಪುಣ್ಯಕ್ಕೆ ಡ್ರೈವರ್ ಬದುಕಿಕೊಂಡ. ಕೊಟ್ರೇಶ್ ವರದಿಯಲ್ಲಿ ಬರೆದದ್ದು ಒಂದೇ ಸಾಲು: ಗೌಂಡಿ ಗಂಗಪ್ಪ ಅವಧಿಗೆ ಮೊದಲೇ ಸೆಂಟ್ರಿಂಗ್ ಬಿಚ್ಚಿದ್ದಾನೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಹೊಟ್ಟೆ ಉರಿಯುವುದು ಅದಕ್ಕೇ.

ಸುಣ್ಣವನ್ನೇ ನಂಬಬಾರದು ಎಂದು ಮೇಲಿನವರು ತೀರ್ಮಾನಿಸಿದರು. ಉಳಿದ ಹಳೇ ಕಮಾನನ್ನೂ ಒಡೆದು ಪೈಪು ಹಾಕಲು ಯಂತ್ರ ತಂದರು. ಎರಡು ದಿನ ಕುಟ್ಟಿದರೂ ಅದು ಜಗ್ಗಲಿಲ್ಲ. ಮೂರನೇ ದಿನ ಬಿತ್ತು. ದಡದಲ್ಲಿ ನಿಂತು ನೋಡುತ್ತಿದ್ದ ಗಂಗಪ್ಪ ಪಕ್ಕದಲ್ಲಿದ್ದ ಮಲಕವ್ವನಿಗೆ ಹೇಳಿದ:

"ನಂದೂ ಹಿಂಗ ನಿಂದರ್ತಿತ್ತು ನೋಡು."

"ಮತ್ತ ಯಾಕ ಬಿಚ್ಚಿದ್ರಿ?" ಎಂದಳು ಮಲಕವ್ವ.